ಅಪ್ಪನ ಚಾಯ್‌ಗೆ ನೀರು ಹುಡುಕಿದ ಮಳೆಗಾಲ

ಕಳೆದ ತಿಂಗಳು ನಮ್ಮ ಶಾಲೆಯ ಮಕ್ಕಳನ್ನು ಅಶೋಕನ ಶಾಸನ ತೋರಿಸಲು ಸಿದ್ದಾಪುರಕ್ಕೆ ಕರೆದುಕೊಂಡು ಹೋಗಿದ್ದೆ. ಶಾಸನದ ಮುಂದೆ ನಿಂತು ಚಕ್ರವರ್ತಿಯ ಬಗ್ಗೆ ಹೇಳಬೇಕಾದದ್ದನ್ನೆಲ್ಲ ಹೇಳಿದೆ. ಮಕ್ಕಳು ಕೇಳಿಸಿಕೊಂಡರು. ಆದರೆ ನನ್ನ ಕಣ್ಣು ಮಾತ್ರ ದೂರದ ಗುಡ್ಡದಲ್ಲಿ ಸೂರಿನಂತೆ ಮುಂದಕ್ಕೆ ಚಾಚಿಕೊಂಡಿದ್ದ ಇನ್ನೊಂದು ಬಂಡೆಯ ಮೇಲಿತ್ತು. ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಅದನ್ನು ಗಮನಿಸಿ, "ಮಿಸ್, ಅಲ್ಲೇನೈತೆ?" ಎಂದಳು.

"ಅಲ್ಲಿ ನಮ್ಮಪ್ಪ ಟೀ ಕಾಸಿದ್ದ," ಎಂದೆ.

ಮಕ್ಕಳೆಲ್ಲ ಗೊಳ್ಳೆಂದು ನಕ್ಕರು. ನಗಲಿ. ಆ ಟೀ ಕುಡಿದ ದಿನದಿಂದ ಇವತ್ತಿನವರೆಗೂ ನಾನು ಒಳ್ಳೆಯ ಚಹಾದ ಹಿಂದೆ ಬಿದ್ದವಳು. ನಮ್ಮ ಅಡಿಗೆಮನೆಯಲ್ಲಿ ಬೇಳೆಕಾಳಿನ ಡಬ್ಬಿಗಳಿಗಿಂತ ಚಹಾದ ಡಬ್ಬಿಗಳೇ ಹೆಚ್ಚು. ಯಾರಾದರೂ ಅಸ್ಸಾಮಿಗೋ ನೀಲಗಿರಿಗೋ ಹೊರಟರೆಂದರೆ ನಾನು ಅವರ ಮನೆಯ ಬಾಗಿಲಲ್ಲಿ ಹಾಜರು. ಹೊಸ ಎಲೆಯ ಪೊಟ್ಟಣ ಬಂದರೆ ಈ ವಯಸ್ಸಿನಲ್ಲೂ ಬೆಳಗಾಗುವವರೆಗೆ ಕಾಯದೆ ರಾತ್ರಿಯೇ ಒಡೆಯುತ್ತೇನೆ. ಈ ಹುಚ್ಚೆಲ್ಲ ಹತ್ತಿದ್ದು ಒಂದೇ ಒಂದು ಮಳೆಗಾಲದಲ್ಲಿ. ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ಟಿ.ಸಿ.ಎಚ್ ಮುಗಿಸಿ ಟೀಚರ್ ಕೆಲಸದ ಆರ್ಡರಿಗೆ ಕಾಯುತ್ತಾ ಮನೆಯಲ್ಲಿದ್ದೆ.

ಆಗ ನಮ್ಮ ಮನೆ ಮೊಳಕಾಲ್ಮೂರಿನ ನೇಕಾರರ ಬೀದಿಯಲ್ಲಿತ್ತು. ಮಗ್ಗ ನಮ್ಮದಲ್ಲ. ಅವ್ವ ಅಕ್ಕಪಕ್ಕದ ಮಗ್ಗದ ಮನೆಗಳಿಗೆ ರೇಷ್ಮೆ ನೂಲು ಸುತ್ತಿಕೊಡುತ್ತಿದ್ದಳು. ಅಪ್ಪ ಬೋರಯ್ಯ ಲಾರಿ ಡ್ರೈವರು. ಚಳ್ಳಕೆರೆಯಲ್ಲಿ ಈರುಳ್ಳಿ ತುಂಬಿಕೊಂಡು ಬಂಗಾಳದ ಕಡೆ ಹೊರಟನೆಂದರೆ ವಾರಗಟ್ಟಲೆ ಸುದ್ದಿ ಇರುತ್ತಿರಲಿಲ್ಲ. ಬಂದಮೇಲೆ ಮಾತ್ರ ಮನೆ ತುಂಬ ಅವನದೇ ಮಾತು. ಅದರಲ್ಲೂ ಡಾರ್ಜಿಲಿಂಗ್ ಬೆಟ್ಟದ ಮಾತು ಬಂದರೆ ಮುಗಿಯುತ್ತಲೇ ಇರಲಿಲ್ಲ. ಒಮ್ಮೆ ಆ ಘಟ್ಟದ ದಾರಿಯಲ್ಲಿ ಲಾರಿ ಕೆಟ್ಟು ನಿಂತಾಗ ಚಹಾ ತೋಟದ ಮೇಸ್ತ್ರಿಯೊಬ್ಬ ಮನೆಗೆ ಕರೆದು ಹಾಲಿಲ್ಲದ, ಸಕ್ಕರೆಯಿಲ್ಲದ ಚಹಾ ಕೊಟ್ಟಿದ್ದನಂತೆ. ನಮ್ಮ ಕಡೆಯವರು ಟೀ ಅಂದರೆ ಅಪ್ಪ ಮಾತ್ರ ಅಂದಿನಿಂದ ಚಾಯ್ ಅನ್ನುತ್ತಿದ್ದ.

"ಬಾಯಾಗೆ ಇಟ್ರೆ ಹಣ್ಣು, ಗಂಟಲಾಗೆ ಇಳಿದ್ರೆ ಹೂವು. ಅದು ಚಾಯ್! ನೀವು ಕುಡಿಯೋದು ಬಿಸಿ ಪಾಯ್ಸ," ಎನ್ನುತ್ತಿದ್ದ.

ಬೀದಿಯವರು ಬಾಯಿ ತೆರೆದು ಕೇಳುತ್ತಿದ್ದರು. ಅವನು ಲಾರಿ ಹತ್ತಿದ ಮೇಲೆ ನಗುತ್ತಿದ್ದರು.

ಆ ಬೇಸಿಗೆಯ ಕೊನೆಯ ಟ್ರಿಪ್ಪಿನಲ್ಲಿ ಅಪ್ಪನಿಗೆ ಅದೇ ತೋಟದ ಟ್ರ್ಯಾಕ್ಟರು ಕೆಸರಲ್ಲಿ ಹೂತುಕೊಂಡದ್ದು ಕಂಡಿತು. ಲಾರಿಗೆ ಹಗ್ಗ ಕಟ್ಟಿ ಎಳೆದುಕೊಟ್ಟ. ಮೇಸ್ತ್ರಿ ಖುಷಿಯಾಗಿ ತನ್ನ ಮನೆಗೆಂದು ಇಟ್ಟುಕೊಂಡಿದ್ದ ಒಳ್ಳೆಯ ಎಲೆಯಲ್ಲಿ ಒಂದು ಪೊಟ್ಟಣ ಕಟ್ಟಿಕೊಟ್ಟ. ಆ ಪೊಟ್ಟಣ ಊರು ಮುಟ್ಟುವ ಮೊದಲೇ ಅನಾಹುತವಾಯಿತು. ಆಂಧ್ರದಲ್ಲಿ ಲೋಡು ಇಳಿಸುವಾಗ ಮೇಲಿನ ಸಾಲಿನ ಮೂಟೆಗಳು ಜಾರಿ ಅಪ್ಪನ ಮೇಲೆ ಬಿದ್ದವು. ಬಲಗಾಲಿನ ತೊಡೆ ಮೂಳೆ ಮುರಿಯಿತು.

ಪಟ್ಟಿ ಬಿಚ್ಚಿದ ದಿನ ಡಾಕ್ಟರು, "ಲಾರಿ ಇನ್ನು ಮರ್ತುಬಿಡಪ್ಪ. ಆದ್ರೆ ದಿನಾ ನಡೀಬೇಕು. ನಡೀಲಿಲ್ಲ ಅಂದ್ರೆ ಕಾಲು ಹಂಗೇ ಸೆಟ್ಕೊಂಡು ಕೂತ್ಬಿಡ್ತದೆ," ಎಂದರು.

ಅಪ್ಪ ಮೊದಲನೆಯ ಮಾತನ್ನಷ್ಟೇ ಕೇಳಿಸಿಕೊಂಡ. "ಬ್ರೇಕ್ ಒತ್ತೋ ಕಾಲೇ ಹೋತು," ಎಂದು ಜಗಲಿಯ ಮೇಲೆ ಗೋಡೆಗೊರಗಿ ಕುಳಿತವನು ಏಳಲೇ ಇಲ್ಲ. ಊಟ ಅಲ್ಲಿಗೇ, ನಿದ್ದೆ ಅಲ್ಲೇ. ಊರೂರು ಸುತ್ತಿದ ಮನುಷ್ಯ ಎದುರು ಮನೆಯ ಗೋಡೆ ನೋಡುತ್ತಾ ಕುಳಿತಿರುವುದನ್ನು ಕಂಡು ಅವ್ವ ಒಳಗೆ ನೂಲು ಸುತ್ತುತ್ತಲೇ ಕಣ್ಣೊರೆಸಿಕೊಳ್ಳುತ್ತಿದ್ದಳು. ನಡೆಯೆಂದು ಬೈದಳು, ಬೇಡಿಕೊಂಡಳು. ಯಾವುದೂ ನಾಟಲಿಲ್ಲ.

ಒಂದು ಬೆಳಿಗ್ಗೆ ನಾನೇ ಆ ಪೊಟ್ಟಣ ತಂದು ಅವನ ಮುಂದಿಟ್ಟೆ. "ಅಪ್ಪ, ಆ ಚಾಯ್ ಮಾಡೋದು ಹೆಂಗೆ ಹೇಳಿಕೊಡು."

ಮೊದಲ ಸಲ ಅವನ ಮುಖ ನನ್ನ ಕಡೆ ತಿರುಗಿತು. ಕುಳಿತಲ್ಲಿಂದಲೇ ಹೇಳಿಕೊಟ್ಟ. ಎಲೆಯನ್ನು ಕುದಿಸಬಾರದು. ನೀರು ಕುದಿಸಿ, ಎಲೆಯ ಮೇಲೆ ಸುರಿದು, ಮುಚ್ಚಳ ಮುಚ್ಚಿ ಸುಮ್ಮನಿರಬೇಕು. ಬೀದಿಗೆಲ್ಲ ಸುದ್ದಿ ಹೋಯಿತು. ಪಕ್ಕದ ಮಗ್ಗದ ಮನೆಯ ನರಸಕ್ಕ, ತೆಲುಗು ಕನ್ನಡ ಕಲಸಿ ಮಾತಾಡುವ ದೊಡ್ಡ ಬಾಯಿಯ ಹೆಂಗಸು, ನೇಯುತ್ತಿದ್ದ ಸೀರೆ ಅರ್ಧಕ್ಕೆ ನಿಲ್ಲಿಸಿ ಬಂದು ಕುಳಿತಳು. ನಾನು ಮುಚ್ಚಳ ತೆಗೆದು ಲೋಟಗಳಿಗೆ ಬಗ್ಗಿಸಿದೆ.

ಬಂದದ್ದು ಕಪ್ಪು ನೀರು. ಮೇಲೆ ಎಣ್ಣೆ ತೇಲಿದಂಥ ಒಂದು ಪೊರೆ. ಬಾಯಿಗಿಟ್ಟರೆ ಸೀಮೆಸುಣ್ಣ ನೆಕ್ಕಿದ ಹಾಗೆ.

"ಇದೇಂ ಚಾಯ್ ಬೋರಣ್ಣಾ? ಕಷಾಯಂ!" ಎಂದು ನರಸಕ್ಕ ಸೆರಗಿನಲ್ಲಿ ಬಾಯಿ ಒರೆಸಿಕೊಂಡಳು. ಎಲ್ಲರೂ ನಕ್ಕರು. ಅಪ್ಪ ಲೋಟ ಕೆಳಗಿಟ್ಟು, "ಇದಲ್ಲ. ಇದು ಅದಲ್ಲ," ಎಂದ. ಆಮೇಲೆ ತುಂಬ ಸಣ್ಣ ದನಿಯಲ್ಲಿ, "ಅಥವಾ ನಂಗೇ ಹಂಗನ್ನಿಸಿತ್ತೇನೋ," ಎಂದ.

ಆ ಮಾತು ನನ್ನನ್ನು ಚುಚ್ಚಿತು. ಆದರೆ ಇನ್ನೊಂದು ಸಂಗತಿಯೂ ಆಗಿತ್ತು. ಲೋಟ ತೊಳೆಯುವ ಮೊದಲು ಒದ್ದೆ ಎಲೆಯನ್ನು ಮೂಸಿದ್ದೆ. ಕಪ್ಪು ನೀರಿನ ಅಡಿಯಲ್ಲಿ ಎಲ್ಲೋ ಒಂದು ವಾಸನೆ ಬಚ್ಚಿಟ್ಟುಕೊಂಡಿತ್ತು. ಬಿಸಿಲಿಗೆ ಬಾಡಿದ ಎಲಚಿ ಹಣ್ಣಿನದೋ, ಎಳೆ ಬೇವಿನ ಹೂವಿನದೋ. ಹಿಡಿಯುವಷ್ಟರಲ್ಲಿ ಮಾಯ. ಮತ್ತೆ ಮೂಸಿದೆ. ಅಪ್ಪ ಸುಳ್ಳು ಹೇಳಿರಲಿಲ್ಲ! ಅದು ಒಳಗೇ ಇದೆ, ಹೊರಗೆ ಬರುತ್ತಿಲ್ಲ ಅಷ್ಟೇ!

"ಎಲೆ ಸರಿಯಾಗೈತೆ ಅಪ್ಪ," ಎಂದೆ. "ನೀರೇ ಸರಿಯಿಲ್ಲ."

ನಮ್ಮ ಬೀದಿಯ ಬೋರಿನ ನೀರು ಎಂಥದೆಂದು ಪಾತ್ರೆಗಳನ್ನು ಕೇಳಬೇಕು. ಎಲ್ಲದರ ತಳದಲ್ಲೂ ಬಿಳಿ ಸುಣ್ಣದ ಹಕ್ಕಳೆ. ಸೋಪು ಉಜ್ಜಿದರೆ ನೊರೆ ಬರುವ ಬದಲು ಜಿಡ್ಡು ಬರುತ್ತಿತ್ತು. ಅಲ್ಲಿಂದ ಶುರುವಾಯಿತು ನನ್ನ ನೀರಿನ ತಿರುಗಾಟ. ಮೊದಲು ಆಚೆ ಬೀದಿಯ ಬೋರು. ಆಮೇಲೆ ನಲ್ಲಿ ನೀರು. ಆಮೇಲೆ ಊರ ಹೊರಗಿನ ತೋಟದ ಬಾವಿ. ಪರಶುರಾಂಪುರದಲ್ಲಿದ್ದ ಚಿಕ್ಕಪ್ಪನ ಹೊಲದ ಬಾವಿ ಸಿಹಿನೀರಿನದು ಎಂದು ಯಾರೋ ಅಂದದ್ದೇ ತಡ, ಕ್ಯಾನು ಹಿಡಿದು ಚಳ್ಳಕೆರೆಗೆ ಹೋಗಿ ಅಲ್ಲಿಂದ ಇನ್ನೊಂದು ಬಸ್ಸು ಹತ್ತಿದೆ. ಶೇಂಗಾ ಹೊಲಗಳ ನಡುವೆ ಧೂಳೆಬ್ಬಿಸಿಕೊಂಡು ಹೋಗುವ ಬಸ್ಸು. ವಾಪಸು ಬರುವಾಗ ಕಂಡಕ್ಟರು ಕ್ಯಾನು ತಟ್ಟಿ ನೋಡಿ, "ಏನಮ್ಮಾ ಇದು, ಸೀಮೆಎಣ್ಣೆನಾ?" ಎಂದ.

"ನೀರಣ್ಣ. ಟೀಗೆ."

"ಟೀಗೆ ಪರಶುರಾಂಪುರದಿಂದ ನೀರಾ?" ಎಂದು ಅವನು ಇಡೀ ಬಸ್ಸಿಗೆ ಕೇಳುವ ಹಾಗೆ ಕೂಗಿದ. ಊರು ಬರುವವರೆಗೂ ಜನ ತಿರುಗಿ ತಿರುಗಿ ನನ್ನನ್ನೇ ನೋಡಿದರು. ನಾಚಿಕೆಯಾಗಬೇಕಿತ್ತು. ನನಗೋ ಕ್ಯಾನು ತೊಡೆಯ ಮೇಲಿಟ್ಟುಕೊಂಡು, ಇವತ್ತು ಬಂದೇಬರುತ್ತದೆ ಎನ್ನುವ ತವಕ.

ಬರಲಿಲ್ಲ. ಆದರೆ ಕಪ್ಪು ಹೋಗಿ ಕಂದು ಬಂತು, ಪೊರೆ ತೆಳ್ಳಗಾಯಿತು. ಆ ವಾಸನೆ ಮೂಗಿನ ತುದಿಯವರೆಗೆ ಬಂದು ಹಿಂದಕ್ಕೆ ಹೋಯಿತು. ಅಪ್ಪ ಲೋಟ ಎರಡೂ ಕೈಯಲ್ಲಿ ಹಿಡಿದು, "ಹತ್ರ ಬಂತು ಕಣೇ ಮಂಜಿ! ಹತ್ರ ಬಂತು!" ಎಂದ. ಕಾಲು ಮುರಿದಾಗಿನಿಂದ ಅವನ ದನಿ ಅಷ್ಟು ಏರಿರಲೇ ಇಲ್ಲ. ಮಾರನೆಯ ದಿನ ನೀರು ಕುದಿಸಲು ನಾನು ಒಲೆಯ ಮುಂದೆ ಕುಳಿತಿದ್ದರೆ ಹಿಂದೆ ಗೋಡೆ ಹಿಡಿದು ನಿಂತಿದ್ದ ಅಪ್ಪ. ಜಗಲಿಯಿಂದ ಅಡಿಗೆಮನೆಯವರೆಗೆ ತಾನೇ ಬಂದಿದ್ದ. ನಾನು ನೋಡಿಯೂ ನೋಡದವಳ ಹಾಗೆ ಇದ್ದುಬಿಟ್ಟೆ.

ಅವ್ವನಿಗೆ ಮಾತ್ರ ಸಿಟ್ಟು. ಪುಷ್ಯ ಮಳೆ ಹೋಗಿತ್ತು, ಆಶ್ಲೇಷ ಹೋಗಿತ್ತು, ಹನಿ ಬಿದ್ದಿರಲಿಲ್ಲ. ಕೊಡ ಹಿಡಿದು ನಿಲ್ಲುವ ಸಾಲು ದಿನದಿಂದ ದಿನಕ್ಕೆ ಉದ್ದವಾಗುತ್ತಿತ್ತು.

"ಊರಿಗೆ ಕುಡಿಯಾಕೆ ನೀರಿಲ್ಲ, ಅಪ್ಪ ಮಗಳು ಟೀಗೆ ನೀರು ಹುಡುಕ್ತಾ ಅದಾರೆ!" ಎಂದು ಒಂದು ಮಧ್ಯಾಹ್ನ ಪಾತ್ರೆ ಕುಕ್ಕಿದಳು. "ಬೆಳಿಗ್ಗೆಯಿಂದ ಕುದಿಸ್ತಾ ಇದೀನಿ, ಈ ನೀರ್ನಾಗೆ ಬ್ಯಾಳೆನೇ ಬೇಯಲ್ಲ. ನಿಮ್ಮ ಎಲೆ ಬಿಡ್ತೈತಾ?"

ಅಪ್ಪ ಥಟ್ಟನೆ ತಲೆ ಎತ್ತಿದ. "ಏನಂದೆ?"

"ಬ್ಯಾಳೆ ಬೇಯಲ್ಲ ಅಂದೆ."

"ಮಂಜಿ, ಕೇಳಿಸ್ತೇನೇ? ನಾವು ನೀರು ಸಿಹಿ ಐತಾ ಅಂತ ಕೇಳ್ಕೊಂಡು ತಿರುಗಿದ್ವಿ. ಬ್ಯಾಳೆ ಎಲ್ಲಿ ಬೇಗ ಬೇಯ್ತೈತೆ ಅಂತ ಕೇಳ್ಬೇಕಿತ್ತು!"

ನಾನು ಅವ್ವನ ಕಡೆ ತಿರುಗಿದೆ. "ಅವ್ವ, ಎಲ್ಲಿ ಬೇಗ ಬೇಯ್ತೈತೆ?"

ಅವ್ವ ಸೌಟು ಹಿಡಿದುಕೊಂಡೇ ನಮ್ಮ ಕಡೆ ತಿರುಗಿದಳು. ಅವಳ ತವರು ಸಿದ್ದಾಪುರ. "ನಮ್ಮೂರ ಗುಡ್ಡದ ಮ್ಯಾಲೆ ದೊಣೆ ಐತಲ್ಲ, ಬಂಡೆ ಗುಂಡಿನಾಗೆ ಮಳೆ ನೀರು ನಿಲ್ಲೋದು. ನಾನು ಸಣ್ಣೋಳಿದ್ದಾಗ ಆ ನೀರು ತಂದ್ರೆ ಬ್ಯಾಳೆ ಬೆಣ್ಣೆ ಆಗ್ತಿತ್ತು."

"ಹಂಗಾದ್ರೆ ನಾಳೆನೇ ಹೋಗಿ ತರ್ತೀನಿ," ಎಂದೆ.

"ಈಗ ಎಲ್ಲೈತೆ ನೀರು? ಮಳೆ ಬರ್ಬೇಕು. ಇನ್ನೊಂದು ಮಾತು. ಆ ನೀರು ಕೊಡದಾಗೆ ತುಂಬಿ ತಂದ್ರೆ ದಾರಿಯಾಗೇ ಕೆಡ್ತೈತೆ. ಅಲ್ಲೇ ಕಾಸಿ ಅಲ್ಲೇ ಕುಡಿಬೇಕು." ಇಷ್ಟು ಹೇಳಿ ಅವ್ವ ಅಪ್ಪನ ಕಾಲಿನ ಕಡೆ ಒಮ್ಮೆ ನೋಡಿ ಒಳಗೆ ಹೋದಳು.

ಆ ಸಂಜೆ ಅಪ್ಪ ಕೋಲು ಕೇಳಿದ.

ಮಳೆ ಕಾಯುತ್ತಾ ಕಳೆದ ಆ ದಿನಗಳನ್ನು ನಾನು ಹೇಗೆ ಹೇಳಲಿ! ಪೊಟ್ಟಣದಲ್ಲಿ ಉಳಿದಿದ್ದ ಎಲೆಯನ್ನು ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ಹಾಕಿ ದೇವರ ಗೂಡಿನಲ್ಲಿಟ್ಟೆವು. ಇನ್ನೊಂದೇ ಒಂದು ಸಲಕ್ಕೆ ಆಗುವಷ್ಟಿತ್ತು. ಅಪ್ಪ ಮೊದಲು ನರಸಕ್ಕನ ಬಾಗಿಲವರೆಗೆ ನಡೆದ. ಆಮೇಲೆ ಬೀದಿಯ ಕೊನೆಯವರೆಗೆ. ಬೆವರಿ, ಹಲ್ಲು ಕಚ್ಚಿ, ನಡುವೆ ಕಟ್ಟೆಗಳ ಮೇಲೆ ಕುಳಿತು ಬೈದುಕೊಂಡು, ಮತ್ತೆ ಎದ್ದು. ಬಸ್‌ಸ್ಟ್ಯಾಂಡ್ ಮುಟ್ಟಿದ ದಿನ ಅಲ್ಲಿನ ಡ್ರೈವರುಗಳೆಲ್ಲ ಎದ್ದು ನಿಂತರಂತೆ. ಹೋದಲ್ಲೆಲ್ಲ ಅವನದು ಒಂದೇ ಪ್ರಶ್ನೆ, "ನಿಮ್ಮ ಕಡೆ ನೀರ್ನಾಗೆ ಬ್ಯಾಳೆ ಹೆಂಗೆ ಬೇಯ್ತೈತೆ?" ಬೀದಿಯವರು ನಗುವುದನ್ನು ಬಿಟ್ಟು ತಾವೂ ಮುಗಿಲು ನೋಡತೊಡಗಿದರು. ಮೋಡ ಕಂಡಾಗಲೆಲ್ಲ ನರಸಕ್ಕ ಮಗ್ಗದ ಗುಂಡಿಯಿಂದಲೇ, "ಮಂಜೂ, ಮಬ್ಬು ವಚ್ಚಿಂದಿ! ಮೋಡ ಬಂತು!" ಎಂದು ಕೂಗುತ್ತಿದ್ದಳು.

ಮಘೆ, ಹುಬ್ಬೆ ಎರಡೂ ಮೋಸ ಮಾಡಿದವು. ಉತ್ತರೆ ಕೈಬಿಡಲಿಲ್ಲ. ಒಂದು ರಾತ್ರಿ ಇಡೀ ಬಡಿಯಿತು. ಬೆಳಿಗ್ಗೆ ಸಿದ್ದಾಪುರದ ಕಡೆಯಿಂದ ಬಂದ ಬಸ್ಸಿನವರ ಕೈಲಿ ಅವ್ವನ ಚಿಕ್ಕಪ್ಪ ಕಾಟಜ್ಜ ಹೇಳಿ ಕಳಿಸಿದ್ದ: ದೊಣೆ ತುಂಬೈತೆ, ಬರ್ರಿ.

ಹೊರಟೆವು! ಅಪ್ಪ ಒಗೆದ ಅಂಗಿ ತೊಟ್ಟು ಲಾರಿ ದಿನಗಳ ಹಾಗೆ ಟವೆಲ್ಲು ಹೆಗಲಿಗೆ ಹಾಕಿಕೊಂಡ. ನಾನು ಡಬ್ಬಿ ಎದೆಗವಚಿಕೊಂಡಿದ್ದೆ. ಅವ್ವ ಬರಲ್ಲ ಎಂದವಳು ಕೊನೆಗೆ ಪಾತ್ರೆ, ತಂಬಿಗೆ, ತಟ್ಟೆ, ಲೋಟ ಚೀಲಕ್ಕೆ ತುಂಬಿಕೊಂಡು, "ನಿಮ್ಮನ್ನ ಇಳಿಸ್ಕೊಂಡು ಬರೋರು ಯಾರು?" ಎಂದು ಗೊಣಗುತ್ತಾ ಬಸ್ಸು ಹತ್ತಿದಳು. ಗುಡ್ಡದ ಬುಡದಲ್ಲಿ ಕಾಟಜ್ಜ ಕಂಬಳಿ ಹೊದ್ದು ನಿಂತಿದ್ದ. ಆ ಗುಡ್ಡಗಳಲ್ಲೇ ಕುರಿ ಮೇಯಿಸಿ ಮುದುಕನಾದವನು. ಅಪ್ಪನ ಕಾಲು ನೋಡಿ, "ಆಗ್ತೈತೇನಪ್ಪ ಅಳಿಯ?" ಎಂದ.

"ಆಗ್ತೈತೆ ನಡೀರಿ ಮಾವಾ," ಎಂದ ಅಪ್ಪ.

ಹತ್ತಿದ. ತೊಳೆದ ಬಂಡೆಗಳು ಬಿಸಿಲಿಗೆ ಫಳಫಳ ಹೊಳೆಯುತ್ತಿದ್ದವು. ಸಂದುಗಳಲ್ಲೆಲ್ಲ ಕೆಮ್ಮಣ್ಣಿನ ನೀರು ಜುಳುಜುಳು. ಒಂದು ಕಡೆ ಕುಳಿತೇ ಜಾರಿಕೊಂಡು ದಾಟಿದ, ಒಂದು ಕಡೆ ಅವ್ವನ ಹೆಗಲು ಹಿಡಿದ. ಗುಡ್ಡದ ನಡು ಮುಟ್ಟಿದಾಗ ಬಲಗಾಲು ಗಡಗಡ ನಡುಗುತ್ತಿತ್ತು, ಮುಖ ಮಾತ್ರ ಮದುವೆ ಗಂಡಿನದು. ದೊಣೆ ಕಂಡದ್ದೇ ನಾನು ಓಡಿದೆ.

ಓಡಿದವಳು ಅಲ್ಲೇ ನಿಂತೆ. ಯಾರದೋ ಕುರಿಮಂದೆ ನಮಗಿಂತ ಮುಂಚೆ ಬಂದು ಹೋಗಿತ್ತು. ದೊಣೆಯ ತುಂಬ ಕೆಂಪು ರಾಡಿ, ಮೇಲೆ ಹಿಕ್ಕೆ ತೇಲುತ್ತಿತ್ತು. ಕಾಟಜ್ಜ ಆ ಮಂದೆಯವರನ್ನು ವಂಶ ಸಮೇತ ಬೈದ. ಅಪ್ಪ ಕೋಲು ಬದಿಗಿಟ್ಟ. ಬಂಡೆಯ ಮೇಲೆ ಕುಳಿತು ಕಾಲು ಚಾಚಿ ತೊಡೆ ಒತ್ತಿಕೊಳ್ಳತೊಡಗಿದ. ನನಗೆ ಅಳು ಉಕ್ಕಿತು.

ಅಷ್ಟರಲ್ಲಿ ಪಡುವಣದಿಂದ ಗಾಳಿ ಎದ್ದಿತು. ನೋಡನೋಡುತ್ತಿದ್ದಂತೆ ಬಿಸಿಲು ಹೋಗಿ ದಪ್ಪ ಹನಿ ಪಟಪಟನೆ ಬಂಡೆಗೆ ಬಡಿದವು. "ಬರ್ರಿ, ಬರ್ರಿ, ಒಳಗೆ ಬರ್ರಿ!" ಎಂದು ಕಾಟಜ್ಜ ನಮ್ಮನ್ನು ಆ ಚಾಚು ಬಂಡೆಯ ಕೆಳಗೆ ಎಳೆದುಕೊಂಡ. ಕುರಿಯವರು ತಂಗುವ ಜಾಗ ಅದು. ಒಣ ಕಟ್ಟಿಗೆ, ಮೂರು ಕಲ್ಲಿನ ಒಲೆ ಇತ್ತು. ಮಳೆ ಈಗ ಧೋ ಎಂದು ಸುರಿಯುತ್ತಿತ್ತು. ನಾವು ಮೂವರೂ ಒತ್ತಿಕೊಂಡು ನಿಂತಿದ್ದೆವು. ಅವ್ವ ಎಲ್ಲಿ?

ಅವ್ವ ಹೊರಗಿದ್ದಳು! ಬಯಲು ಬಂಡೆಯ ನಡುವೆ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಪಾತ್ರೆಯನ್ನು ಎರಡೂ ಕೈಯಲ್ಲಿ ತಲೆಗಿಂತ ಮೇಲೆ ಎತ್ತಿ ಹಿಡಿದು ನಿಂತಿದ್ದಳು. ಮೈಯಿಂದ ನೀರು ಇಳಿಯುತ್ತಿತ್ತು, ಬಳೆ ಮೊಣಕೈಗೆ ಜಾರಿದ್ದವು.

"ದೊಣೆಗೆ ನೀರು ಎಲ್ಲಿಂದ ಬರ್ತೈತೆ? ಮುಗಿಲಿಂದ್ಲೇ ತಾನೇ!" ಎಂದು ಮಳೆಯೊಳಗಿಂದ ಕೂಗಿದಳು. "ಒಲೆ ಹಚ್ಚೇ ಮಂಜಿ!"

ನಾನು ಹುಚ್ಚಿಯ ಹಾಗೆ ಒಲೆ ಊದಿದೆ. ಅವ್ವ ತುಂಬಿದ ಪಾತ್ರೆ ತಂದಿಟ್ಟಳು. ನೀರು ಕುದಿಯಿತು. ತಳದಲ್ಲಿ ಹಕ್ಕಳೆಯಿಲ್ಲ, ಮೇಲೆ ಪೊರೆಯಿಲ್ಲ. ಅಪ್ಪ ಡಬ್ಬಿ ತೆಗೆದು ಉಳಿದ ಎಲೆಯನ್ನೆಲ್ಲ ತಂಬಿಗೆಗೆ ಹಾಕಿ, ನೀರು ಸುರಿದು, ತಟ್ಟೆ ಮುಚ್ಚಿದ. ನಾವೆಲ್ಲ ತಂಬಿಗೆಯ ಸುತ್ತ ಬಗ್ಗಿದೆವು. ಕಾಟಜ್ಜ ಕೂಡ ಬೀಡಿ ಕೆಳಗಿಟ್ಟ.

ಅಪ್ಪ ತಟ್ಟೆ ಎತ್ತಿದ.

ಆ ವಾಸನೆ! ಬಂಡೆಯ ಕೆಳಗಿನ ಕುರಿವಾಸನೆ, ಹೊಗೆ, ಒದ್ದೆ ಕಂಬಳಿ ಎಲ್ಲವನ್ನೂ ತಳ್ಳಿಕೊಂಡು ಅದು ಎದ್ದು ಬಂತು. ಬಾಡಿದ ಎಲಚಿ ಹಣ್ಣು, ಹೌದು, ಅದರ ಹಿಂದೆ ಬೇವಿನ ಹೂವು, ಅದರ ಹಿಂದೆ ಹೆಸರು ಗೊತ್ತಿಲ್ಲದ ಇನ್ನೇನೋ. ಲೋಟಕ್ಕೆ ಬಗ್ಗಿಸಿದರೆ ಹಳದಿ ತಂಗಡಿ ಹೂವನ್ನು ಬೆಳಕಿಗೆ ಹಿಡಿದಂಥ ಬಣ್ಣ. ಲೋಟದ ತಳ ನಿಚ್ಚಳವಾಗಿ ಕಾಣುತ್ತಿತ್ತು. ಒಂದು ಗುಟುಕು ಬಾಯಿಗಿಟ್ಟೆ. ನಾಲಿಗೆಯ ಮೇಲೆ ಹಣ್ಣಾಯಿತು. ನುಂಗಿದ ಮೇಲೆ ಗಂಟಲಿನಿಂದ ಹೂವು ಮೇಲೆದ್ದು ಬಂತು. ಅಪ್ಪ ಹೇಳುತ್ತಿದ್ದ ಹಾಗೆಯೇ, ಅಕ್ಷರ ಅಕ್ಷರ ಹಾಗೆಯೇ!

"ಇದೇ! ಇದೇ ಕಣೇ! ಇದೇ!" ಅಪ್ಪ ಕೋಲು ಎಸೆದು ಎದ್ದು ನಿಂತುಬಿಟ್ಟ. "ಮಾವಾ ಕುಡೀರಿ! ಲೇ ಇವಳೇ, ಕುಡಿಯೇ!"

ಕಾಟಜ್ಜ ಲೋಟ ಖಾಲಿ ಮಾಡಿ ಕಣ್ಣು ಕಿರಿದು ಮಾಡಿ, "ಸಕ್ರಿ ಹಾಕೀಯೇನಪ್ಪ?" ಎಂದ. ಅವ್ವ ತಲೆ ಒರೆಸಿಕೊಳ್ಳುತ್ತಾ ಒಂದು ಗುಟುಕು ಕುಡಿದಳು. ಇನ್ನೊಂದು ಕುಡಿದಳು. ಆಮೇಲೆ ಅಪ್ಪನನ್ನೇ ನೋಡುತ್ತಾ, "ಅಷ್ಟು ವರ್ಷ ನೀನು ಹೇಳಿದ್ದು ನಿಜನೇ," ಎಂದಳು.

ಅಪ್ಪನಿಗೆ ಆಗ ಇದ್ದಕ್ಕಿದ್ದಂತೆ ಏನೋ ಹೊಳೆಯಿತು. "ಅಲ್ಲಾ, ಮಳೆ ನೀರೇ ಸಾಕು ಅಂದಿದ್ರೆ ನಮ್ಮ ಮನೆ ಮುಂದೆನೇ ಹಿಡೀಬಹುದಿತ್ತಲ್ಲೇ! ರಾತ್ರಿ ಅಷ್ಟು ಸುರೀತು!"

"ಹಿಡೀಬಹುದಿತ್ತು."

"ಮತ್ತೆ ದಾರಿಯಾಗೆ ಕೆಡ್ತೈತೆ ಅಂದೆ?"

"ಅಂದೆ," ಎಂದಳು ಅವ್ವ ಸೆರಗು ಹಿಂಡುತ್ತಾ. "ಮನೆ ಮುಂದೆ ಹಿಡಿದಿದ್ರೆ ನೀನು ಈ ಗುಡ್ಡ ಹತ್ತತಿದ್ದೇನು?"

ಅಪ್ಪ ಹತ್ತಿ ಬಂದ ದಾರಿಯನ್ನು ತಿರುಗಿ ನೋಡಿದ. ತನ್ನ ಕಾಲು ನೋಡಿಕೊಂಡ. ಆಮೇಲೆ ಅವನು ನಕ್ಕದ್ದು ಇಡೀ ಗುಡ್ಡಕ್ಕೆ ಕೇಳಿಸಿರಬೇಕು.

ಆ ದಿನದ ನಂತರ ಅಪ್ಪ ಜಗಲಿಯ ಮೇಲೆ ಕೂರಲಿಲ್ಲ. ಮಾರನೆಯ ವಾರವೇ ಚಳ್ಳಕೆರೆಗೆ ಹೋಗಿ ಹಳೆಯ ಜೊತೆಗಾರ ಖಾದರಣ್ಣನನ್ನು ಹಿಡಿದ. ಖಾದರಣ್ಣ ಬಂಗಾಳದ ಕಡೆ ಲಾರಿ ಓಡಿಸುತ್ತಿದ್ದ. "ನಾನು ಹೋಗಾಕಾಗಲ್ಲ ಖಾದರ್. ನೀನು ಈರುಳ್ಳಿ ಇಳಿಸಿ ಬರ್ತಾ ನಂಗೆ ಚಾಯ್ ತಾ. ಮಾರ್ತೀನಿ," ಎಂದನಂತೆ.

"ದಿಮಾಕ್ ಖರಾಬಾ ಬೋರಣ್ಣ? ಎಣ್ಣೆ ಮಿಲ್ಲಿನ ಊರಾಗೆ ಡಾರ್ಜಿಲಿಂಗ್ ಚಾಯ್ ಯಾರು ತಗೋತಾರೆ?"

"ಬರೀ ಅದೇ ಅಲ್ಲ. ಗಡಸು ನೀರಿಗೆ ಗಡಸು ಎಲೆ, ಮೆದು ನೀರಿಗೆ ಮೆದು ಎಲೆ. ಈ ಸೀಮೆ ನೀರೆಲ್ಲಾ ನನ್ನ ಮಗಳು ತಂದು ಕುಡಿಸವಳೆ. ಯಾವ ಊರಿಗೆ ಯಾವ್ದು ಅಂತ ನಾನು ಹೇಳ್ತೀನಿ. ನೀನು ತಂದು ಹಾಕು."

ಖಾದರಣ್ಣ ಒಪ್ಪಿದ. ಚಳ್ಳಕೆರೆ ಮಾರ್ಕೆಟ್ಟಿನ ಹತ್ತಿರ ಒಂದು ಸಣ್ಣ ಮಳಿಗೆ ಸಿಕ್ಕಿತು. ಮುಂದೆ ಅದೇ ಮಳಿಗೆ ನಮ್ಮ ಮನೆಯನ್ನು ನಡೆಸಿತು. ಹೋಟೆಲಿನವರು, ಮಗ್ಗದವರು, ಲಾರಿಯವರು ಎಲ್ಲರೂ ಅಲ್ಲಿಗೆ ಬಂದರು. ಅಪ್ಪ ಅಲ್ಲಿ ಕುಳಿತು, ಪುಡಿ ತೂಗುವ ಮೊದಲು ಗಿರಾಕಿಯ ಮನೆಯ ಬೋರಿನ ಸಮಾಚಾರ ಕೇಳುವುದೇ ಊರಿಗೊಂದು ಮಾತಾಯಿತು. ಆದರೆ ನನ್ನ ಮನಸ್ಸು ಮತ್ತೆ ಮತ್ತೆ ಹೋಗಿ ನಿಲ್ಲುವುದು ಮೊದಲ ಪೆಟ್ಟಿಗೆ ಬಂದಿಳಿದ ಆ ಬೆಳಿಗ್ಗೆಯಲ್ಲಿ.

ದೀಪಾವಳಿ ಹತ್ತಿರವಿತ್ತು. ಖಾದರಣ್ಣ ಲಾರಿಯನ್ನು ಮಳಿಗೆಯ ಮುಂದೆಯೇ ತಂದು ನಿಲ್ಲಿಸಿದ. ನನ್ನ ಸೊಂಟದೆತ್ತರದ ಪ್ಲೈವುಡ್ ಪೆಟ್ಟಿಗೆ, ಅಂಚಿಗೆಲ್ಲ ತಗಡಿನ ಪಟ್ಟಿ. ಮೊಳಕಾಲ್ಮೂರಿನಿಂದ ನರಸಕ್ಕ ಕೂಡ ಬಂದಿದ್ದಳು. ಅಕ್ಕಪಕ್ಕದ ಅಂಗಡಿಯವರು ತಕ್ಕಡಿ ಬಿಟ್ಟು ಬಂದು ಸುತ್ತ ನಿಂತರು. ಅಪ್ಪ ಉಳಿ ಹಾಕಿ ಮೀಟಿದ. ಮೊಳೆಗಳು ಕಿರ್ರೆಂದವು. ಹಲಗೆ ಎದ್ದಿತು. ಒಳಗೆ ಬೆಳ್ಳಿಯಂತೆ ಹೊಳೆಯುವ ಹಾಳೆ. ಅದನ್ನು ಅವನು ನಿಧಾನಕ್ಕೆ ಸೀಳಿದ.

ನನಗೆ ತಡೆಯಲಾಗಲಿಲ್ಲ. ಎಲ್ಲರನ್ನೂ ತಳ್ಳಿಕೊಂಡು ಹೋಗಿ ಪೆಟ್ಟಿಗೆಯ ಅಂಚು ಹಿಡಿದು, ಭುಜದವರೆಗೆ ತಲೆ ಒಳಗೆ ಹಾಕಿ, ಕಣ್ಣು ಮುಚ್ಚಿ, ಉಸಿರು ಎಳೆದುಕೊಂಡೆ. ಎಳೆದುಕೊಳ್ಳುತ್ತಲೇ ಇದ್ದೆ. ಹೊರಗೆಲ್ಲೋ ಜನ ನಗುತ್ತಿದ್ದರು. ಯಾರೋ ನನ್ನ ಜಡೆ ಹಿಡಿದು ಮೆಲ್ಲಗೆ ಎಳೆದರು. ಅಪ್ಪನ ದನಿ ಕೇಳಿಸಿತು:

"ಏಯ್ ಮಂಜಿ, ಸಾಕು ಏಳೇ! ಗಿರಾಕಿಗಳಿಗೂ ಒಂದಿಷ್ಟು ವಾಸ್ನೆ ಉಳಿಸು!"